ತಣ್ಣಗೆ ಕೂತ ಮುಳ್ಳು

ಅರ್ಧ ಗಂಟೆ ಓಡಿದ ಭಾವನ ಕಾರಿನ ಎಂಜಿನ್ನಿನ ನೀರಿನ ಪೈಪು ಮುಟ್ಟಿದ್ದೇ ಮೆಕ್ಯಾನಿಕ್ ಕೈ ಕೊಡವಿಕೊಂಡ. ಬೆರಳು ಚುರ್ ಎಂದಿತ್ತು. ಅವನೇ ಕೂರಿಸಿದ ಮೀಟರಿನಲ್ಲಿ ಬಿಸಿ ತೋರಿಸುವ ಮುಳ್ಳು ಮಾತ್ರ ಬುಡದಲ್ಲೇ ತಣ್ಣಗೆ ಕೂತಿತ್ತು.

“ಭೇಷ್ ಕಣೋ! ಮುಳ್ಳು ಏಳ್ತಾನೇ ಇಲ್ಲ, ಎಂಜಿನ್ ತಣ್ಣಗಿದೆ. ಬರೀ ಸ್ಕ್ರೂ ತಿರುಗಿಸೋನು ಅಂತಿದ್ದೆ, ನಿಂಗೂ ವಿದ್ಯೆ ಇದೆ ಬಿಡು,” ಎಂದು ಸ್ಟಿಯರಿಂಗ್ ಹಿಡಿದಿದ್ದ ಭಾವ ಹೊಗಳಿದ. ಹತ್ತು ವರ್ಷಗಳಲ್ಲಿ ಇದೇ ಮೊದಲು. ಹಿಂದಿನ ಸೀಟಿನಲ್ಲಿ ಅಕ್ಕ, ಮಕ್ಕಳು ಬೆಟ್ಟದೂರಿಗೆ ಹೊರಟು ಕೂತಿದ್ದರು.

ಗುಜರಿಗೆ ಬಿದ್ದ ಬೇರೊಂದು ಡೀಸೆಲ್ ಕಾರಿನಿಂದ ಬಿಚ್ಚಿ ತಂದ ಮೀಟರ್ ಅದು. ನೋಡಲು ಅವಳಿಜವಳಿ, ಆದರೆ ಬಿಸಿ ಅಳೆದು ಮುಳ್ಳಿಗೆ ತಿಳಿಸುವ ಸೆನ್ಸರ್ ಎರಡರದ್ದೂ ಬೇರೆಯೆಂದು ಅವನಿಗೆ ಹೊಳೆದದ್ದೇ ಈಗ. ಏರಿನಲ್ಲಿ ನೀರು ಕುದ್ದರೂ ಈ ಮುಳ್ಳು ಏಳುವುದಿಲ್ಲ.

ಅವನು ಕಿಟಕಿಯೊಳಗೆ ಕೈಹಾಕಿ ಕೀ ಕಿತ್ತುಕೊಂಡ. “ಇಳೀರಿ ಭಾವ. ಮುಳ್ಳು ಸುಳ್ಳು ಹೇಳ್ತಿದೆ. ತಪ್ಪು ನಂದೇ, ಬೈಯೋದಿದ್ರೆ ಇಳಿದು ಬೈರಿ.”