ಕಾಳ್ಯಾ ಮತ್ತು ಮಾಯವಾದ ಲಾಳಿ

ರಾತ್ರಿ ಹಿತ್ತಲ ಬಾಗಿಲನ್ನು ಯಾರೋ ಬಡಿದರು. ಕ್ಷಣ ಬಿಟ್ಟು ಮತ್ತೆ ಬಡಿದರು. ಮಹಾನಂದಾ ಚಿಲಕ ತೆಗೆದಳು. ಹೊಸ್ತಿಲಲ್ಲಿ ಮನೆಯ ನಾಯಿ ಕಾಳ್ಯಾ ನಿಂತಿತ್ತು. ಬಡಿಯಲು ಎತ್ತಿದ ಮುಂಗಾಲು ಇನ್ನೂ ಕೆಳಗಿಳಿದಿರಲಿಲ್ಲ. ಬಾಯಲ್ಲಿ ಮಗ್ಗದಲ್ಲಿ ನೂಲು ಹಾಯಿಸುವ ಲಾಳಿ ಇತ್ತು.

“ನೋಡಿದೇನ, ಕಳ್ಳ ಇವನ!” ಅಪ್ಪ ಸೋಮಲಿಂಗ ಸಿಡಿದ. “ದಿನಾ ಇದ ಹೊತ್ತಿಗೆ ಲಾಳಿ ಮಾಯ. ಸೀರಿ ಹೆಂಗ ನೇಯಲಿ? ನಾಳೆ ಇವನ್ನ ಶಿರೂರಿಗೆ ಅಟ್ಟತೇನಿ. ನಿನ್ನ ಕಂಪ್ಯೂಟರ್ ಸಾಲೀನೂ ಬಂದ್!”

“ನಾಯಿ ಮನಸ್ಸು ಓದಾಕ ಇಂಟರ್ನೆಟ್‌ನ್ಯಾಗ ಡಿಗ್ರಿ ಅಂತ!” ಅಜ್ಜಿ ಅಂಬವ್ವ ಟಿ.ವಿ. ಧಾರಾವಾಹಿಯಿಂದ ಕಣ್ಣು ಕೀಳದೆ ನಕ್ಕಳು. “ಮೊದಲ ಮನಿ ಮಂದೀದು ಓದವಾ.”

“ಬೈಬ್ಯಾಡಪಾ, ತಡಿ,” ಎಂದಳು ಮಹಾನಂದಾ. ಸೈಬರ್ ಕೆಫೆಯಲ್ಲಿ ಕೂತು ಆ ಇಂಟರ್ನೆಟ್ ಕೋರ್ಸಿನಲ್ಲಿ ಓದಿದ ಪಾಠವನ್ನು ಪರೀಕ್ಷಿಸುವ ಹೊತ್ತು ಬಂದಿತ್ತು. “ಬಹುಮಾನ ಸಿಗದ ನಾಯಿ ಯಾವ ಕೆಲಸಾನೂ ದಿನಾ ಮಾಡೂದಿಲ್ಲ. ಕೊಡಾವ್ರು ಯಾರು, ನೋಡೂಣು.” ಉಳಿದ ದಿನ ಈ ಹೊತ್ತಿಗೆ ಅಪ್ಪ ಮಗಳಿಬ್ಬರೂ ಮಗ್ಗದ ಕುಣಿಯಲ್ಲಿಳಿದು ಲಾಳಿ ಹುಡುಕುತ್ತಿದ್ದರು; ಇಂದು ಅವಳು ಬೇಕೆಂದೇ ಅಪ್ಪನನ್ನು ಪಡಸಾಲೆಯಲ್ಲಿ ಕೂರಿಸಿದ್ದಳು. ಕಾಳ್ಯಾ ಅವಳನ್ನು ದಾಟಿತು, ಅಪ್ಪನನ್ನೂ ದಾಟಿತು. ಮಗ್ಗದ ಖಟಖಟವಿಲ್ಲದ ಮನೆಯಲ್ಲಿ ಧಾರಾವಾಹಿಯ ಅತ್ತೆಯ ಒಂದೊಂದು ಬೈಗುಳವೂ ಸ್ಪಷ್ಟವಾಗಿ ಕೇಳುತ್ತಿತ್ತು. ನಾಯಿ ಲಾಳಿಯನ್ನು ನೆಲಕ್ಕಿಟ್ಟು, ಬಾಲ ಬೀಸುತ್ತ, ಅಮೀನಗಡದ ಸಿಹಿ ಕರದಂಟಿನ ತುಂಡುಗಳಿಂದ ಉಬ್ಬಿದ್ದ ಸೆರಗಿನ ಗಂಟೊಂದನ್ನು ಮೂಗಿನಿಂದ ತಿವಿಯಿತು.

ಸೆರಗು ಅಂಬವ್ವನದು.