ನಲವತ್ತಕ್ಕೆ ಒಂದು

ಚಳ್ಳಕೆರೆಯಿಂದ ಚಂದ್ರನಿಗೆ ದಿನಾ ಬೆಳಿಗ್ಗೆ ಒಂಬತ್ತಕ್ಕೆ ರಾಕೆಟ್ ಹೊರಡುತ್ತದೆ. ಅದು ಕೈಕೊಡುವ ಸಂಭವ ಎಷ್ಟೆಂದು ಲೆಕ್ಕ ಹಾಕಿ ರಾಕೆಟ್ಟಿನ ಬಾಗಿಲ ಮೇಲೆ ಬರೆಯುವುದು ಓಬಳಮ್ಮನ ಕೆಲಸ. ಜನ ಅದನ್ನು ಓದಿಕೊಂಡೇ ಹತ್ತುತ್ತಾರೆ.

ಆ ಸೋಮವಾರ ರಾಕೆಟ್ಟಿಗೆ ಹೊಸ ಇಂಧನ ವಾಲ್ವ್ ಹಾಕಿದ್ದರು. ಪರೀಕ್ಷೆಯಲ್ಲಿ ನಲವತ್ತು ಸಲ ತೆರೆದು ನೋಡಿದಾಗ ಒಂದು ಸಲ ಅದು ಸಿಕ್ಕಿಹಾಕಿಕೊಂಡಿತ್ತು.

"ಯಾವಾಗ್ಲೂ ಬರೆಯೋ ಹಾಗೆ ಹತ್ತು ಸಾವಿರಕ್ಕೆ ಒಂದು ಅಂತ ಬರೀರಿ ಮೇಡಂ. ಜನ ಟಿಕೆಟ್ಟಿಗೆ ಆರು ತಿಂಗಳಿಂದ ಕಾದಿದಾರೆ," ಎಂದ ನಿಲ್ದಾಣದ ಮ್ಯಾನೇಜರ್ ಪಂಪಾಪತಿ.

ಕಾದವರಲ್ಲಿ ಅವಳ ಅಪ್ಪ ಬೋರಯ್ಯನೂ ಇದ್ದ. ಚಂದ್ರನ ಮೇಲಿರುವ ಮಗನಿಗೆ ಹುಟ್ಟಿದ ಮೊಮ್ಮಗಳನ್ನು ಅವನಿನ್ನೂ ಎತ್ತಿಕೊಂಡಿರಲಿಲ್ಲ. ಓಬಳಮ್ಮ ಸಾಲಿನ ಕಡೆ ತಿರುಗದೆ, ‘ನಲವತ್ತಕ್ಕೆ ಒಂದು’ ಎಂದು ದೊಡ್ಡದಾಗಿ ಬರೆದಳು.

ಓದಿದವರೆಲ್ಲ ಹಿಂದೆ ಸರಿದರು. ರಾಕೆಟ್ ಬರೀ ಸರಕು ಹೊತ್ತು ಹೊರಟು, ಅರ್ಧ ಗಂಟೆಯಲ್ಲಿ ಯಾವ ತೊಂದರೆಯೂ ಇಲ್ಲದೆ ಕಕ್ಷೆ ಸೇರಿತು.

"ನೋಡಿದ್ರಾ? ಏನಾಯ್ತು ಈಗ? ಸುಮ್ನೆ ಎಲ್ರನ್ನೂ ಹೆದರಿಸಿಬಿಟ್ರಿ!" ಎಂದ ಪಂಪಾಪತಿ.

"ಮೂವತ್ತೊಂಬತ್ತು ಸಲ ಏನೂ ಆಗಲ್ಲ ಸರ್. ನಾನು ಬರೆದಿರೋದೂ ಅದನ್ನೇ."

ಪಂಪಾಪತಿ ರಾಕೆಟ್ ಹೋಗಿ ಖಾಲಿಯಾದ ಕಟ್ಟೆಯ ಕಡೆ ತಿರುಗಿದ. ಆಮೇಲೆ ಫೋನೆತ್ತಿ, ನಾಳೆಯ ರಾಕೆಟ್ಟಿಗೂ ಹಾಕಿದ್ದ ಅಂಥದೇ ವಾಲ್ವನ್ನು ಬಿಚ್ಚಿಸಲು ಹೇಳಿದ.

ಊರಿಗೆ ಮರಳುವ ಬಸ್ಸಿನಲ್ಲಿ ಒಬ್ಬ, "ಯಾರ್ರೀ ಅವ್ಳು, ಅಂಥಾ ನಂಬರ್ ಬರ್ದೋಳು?" ಎಂದು ಗೊಣಗಿದ.

ಬೋರಯ್ಯ ಸೀಟು ಬಿಟ್ಟು ಎದ್ದು ನಿಂತ.

"ನನ್ ಮಗ್ಳು ಕಣಪ್ಪಾ," ಎಂದ, ಇಡೀ ಬಸ್ಸಿಗೆ ಕೇಳುವ ಹಾಗೆ.