ಕಲ್ಲಂಗಡಿ ಸಿಪ್ಪೆ

ತರಕಾರಿ ಸಿಪ್ಪೆಯನ್ನು ಬೀದಿಯ ಗೊಬ್ಬರದ ಡ್ರಮ್ಮಿಗೆ ಸುರಿಯಲು ಬಂದವಳನ್ನು ಬಡಾವಣೆ ಸಂಘದ ಕಾರ್ಯದರ್ಶಿ ಅಡ್ಡ ಬಂದು ತಡೆದರು. "ಇವತ್ತೊಂದು ದಿನ ಬೇಡಮ್ಮಾ. ಅನುದಾನದವರು ನೋಡೋಕೆ ಬರ್ತಿದಾರೆ."

"ಅವರು ನೋಡೋಕೆ ಬರೋದೇ ಇದನ್ನಲ್ವಾ ಸರ್?"

ಅವರು ನಕ್ಕರು, ಕೈ ಮಾತ್ರ ಮುಚ್ಚಳದ ಮೇಲಿಂದ ಕದಲಲಿಲ್ಲ. ಅವಳು ಬಕೆಟ್ ಹಿಡಿದು ಅಲ್ಲೇ ನಿಂತಳು, ಪಕ್ಕದಲ್ಲಿ ಮಗಳು. ಆರು ತಿಂಗಳಿಂದ ಮನೆಮನೆಯ ಬಾಗಿಲು ತಟ್ಟಿ, ಕಸ ಬೇರೆ ಮಾಡುವುದನ್ನು ಕಲಿಸಿದವಳು ಅವಳೇ. ಇಂದು ಒಪ್ಪಿಗೆ ಸಿಕ್ಕರೆ ಉಳಿದ ಮೂರು ಬೀದಿಗಳಿಗೂ ಡ್ರಮ್ಮು ಬರುತ್ತದೆ.

ಅಧಿಕಾರಿ ಬಂದು ಮುಚ್ಚಳ ತೆಗೆಸಿದರು. ಒಳಗೆ ಕಂಠಪೂರ್ತಿ ಕಪ್ಪು ಗೊಬ್ಬರ, ಜರಡಿ ಹಿಡಿದಷ್ಟು ನಯ. ಒಂದು ನೊಣವಿಲ್ಲ, ಒಂದು ಮೊಟ್ಟೆ ಚಿಪ್ಪಿಲ್ಲ. ನಿನ್ನೆ ಸಂಜೆ ಮೂಗು ಮುಚ್ಚಿಕೊಂಡು ಸಿಪ್ಪೆ ಸುರಿದದ್ದು ಇದೇ ಡ್ರಮ್ಮಿಗೇನು? ಕಾರ್ಯದರ್ಶಿಯ ಗೇಟಿನ ಹಿಂದೆ ಮಡಚಿಟ್ಟಿದ್ದ ನರ್ಸರಿಯ ಗೊಬ್ಬರದ ಖಾಲಿ ಚೀಲಗಳತ್ತ ಅವಳ ಕಣ್ಣು ಹೋಯಿತು.

"ಎಲ್ಲಾ ನಮ್ಮ ಹೆಂಗಸರ ಶ್ರಮ ಸರ್" ಎಂದರು ಕಾರ್ಯದರ್ಶಿ, ಅವಳ ಮುಖ ನೋಡದೆ. ಅಧಿಕಾರಿ ಜೇಬಿನಿಂದ ಪೆನ್ನು ತೆಗೆದರು.

ಮಗಳು ಆಗಿನಿಂದ ಕೈ ಜಗ್ಗುತ್ತಲೇ ಇದ್ದಳು. "ಸುಮ್ನಿರು ಪುಟ್ಟಿ" ಎಂದು ಎರಡು ಸಲ ಗದರಿದ್ದವಳು ಮೂರನೇ ಸಲ ಮಗಳತ್ತ ಬಗ್ಗಿದಳು.

"ಅಮ್ಮಾ, ನಿನ್ನೆ ನಾನು ಹಾಕಿದ ಕಲ್ಲಂಗಡಿ ಸಿಪ್ಪೆ ಎಲ್ಲಿ?"